ದೀಪದ ಬುಡದ ಕತ್ತಲು

ನಮ್ಮ ಮನೆಯ ಅಟ್ಟದ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಇದೆ. ಅದರೊಳಗೆ ಹಳೆಯ ದಿನಪತ್ರಿಕೆಯಲ್ಲಿ ಸುತ್ತಿಟ್ಟ ಹನ್ನೊಂದು ಸಿಎಫ್‌ಎಲ್ ಬಲ್ಬುಗಳಿವೆ. ಒಂದೂ ಉರಿಯುವುದಿಲ್ಲ. ಪ್ರತಿ ವರ್ಷ ದೀಪಾವಳಿಗೆ ಮುಂಚೆ ಧೂಳು ಹೊಡೆಯುವಾಗ ನಮ್ಮವರು, "ಇದನ್ನು ಯಾವ ಮ್ಯೂಸಿಯಮ್ಮಿಗೆ ಅಂತ ಇಟ್ಟಿದ್ದೀಯೆ?" ಎಂದು ಕೇಳುತ್ತಾರೆ. ನಾನು ಪೆಟ್ಟಿಗೆಯ ಮೇಲಿನ ಧೂಳು ಒರೆಸಿ ಮತ್ತೆ ಅಲ್ಲೇ ಇಡುತ್ತೇನೆ. ಉತ್ತರ ಇಲ್ಲವೆಂದಲ್ಲ, ಹೇಳಲು ನಾಚಿಕೆ. ಆ ನಾಚಿಕೆಯ ಕಥೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

2009ರ ಸುಮಾರಿಗೆ ಶಿವಮೊಗ್ಗದ ನಮ್ಮ ಬೀದಿಯಲ್ಲಿ ಮನೆಮನೆಗೂ ಈ ಸುರುಳಿ ಬಲ್ಬು ಬಂತು. ಅದೇ ವರ್ಷ ಕೇಂದ್ರ ಸರ್ಕಾರ ಬಚತ್ ಲ್ಯಾಂಪ್ ಯೋಜನೆ ಎಂದು ಹೊರಡಿಸಿ, ದುಬಾರಿಯ ಈ ಬಲ್ಬನ್ನು ಹಳೆಯ ಬಲ್ಬಿನ ದರಕ್ಕೆ, ಅಂದರೆ 15 ರೂಪಾಯಿಗೆ ಜನರಿಗೆ ಮುಟ್ಟಿಸುವ ಮಾತಾಡಿತ್ತು. ನಾವು ಅಂಗಡಿಯಲ್ಲಿ ನೂರಕ್ಕೂ ಮೇಲೆ ಕೊಟ್ಟೇ ತಂದೆವು. ನಾನು ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿದೆ. 60 ವಾಟಿನ ಜಾಗದಲ್ಲಿ 14 ವಾಟ್. ದಿನಕ್ಕೆ ಐದು ಗಂಟೆ ಉರಿಸಿದರೆ ಒಂದು ಬಲ್ಬಿಗೆ ವರ್ಷಕ್ಕೆ ಸುಮಾರು 84 ಯೂನಿಟ್ ಉಳಿತಾಯ. ಮನೆಯಲ್ಲಿ ಆರು ಬಲ್ಬು. ಕರೆಂಟ್ ಬಿಲ್ ಬಂದ ದಿನ ಚೀಟಿ ಗೆದ್ದವಳ ಹಾಗೆ ಓಡಾಡಿದ್ದೆ. ದೇಶಕ್ಕೂ ಒಳ್ಳೆಯದು, ಮನೆಗೂ ಒಳ್ಳೆಯದು. ಇಂಥ ಪುಣ್ಯ ಇಷ್ಟು ಸುಲಭಕ್ಕೆ ಎಲ್ಲಿ ಸಿಗುತ್ತದೆ?

ಒಪ್ಪದವರು ನಮ್ಮತ್ತೆ ಒಬ್ಬರೇ. "ಇದೇನು ಬೆಳಕೇ, ಆಸ್ಪತ್ರೆ ವಾರ್ಡಿನಲ್ಲಿ ಕೂತ ಹಾಗಿದೆ. ಊಟದ ತಟ್ಟೆಯಲ್ಲಿ ಸಾರಿನ ಬಣ್ಣವೇ ಕಾಣುವುದಿಲ್ಲ" ಎಂದು ಗೊಣಗಿದರು. ದೇವರ ಕೋಣೆಯ ಹಳದಿ ಬಲ್ಬನ್ನು ಮುಟ್ಟಲು ಬಿಡಲಿಲ್ಲ. ನಾನು ಒಳಗೊಳಗೇ ನಕ್ಕಿದ್ದೆ.

ಆಗ ನನ್ನ ತಂಗಿ ಅಮೆರಿಕದ ಟೆಕ್ಸಾಸಿನಲ್ಲಿದ್ದಳು. 2011ರ ಬೇಸಿಗೆಯಲ್ಲಿ ಅವಳ ಮನೆಯಲ್ಲಿ ಇಂಥದ್ದೇ ಒಂದು ಬಲ್ಬು ಮಗುವಿನ ಕೋಣೆಯಲ್ಲಿ ಬಿದ್ದು ಒಡೆಯಿತಂತೆ. ಫೋನಿನಲ್ಲಿ ಅವಳು ಹೇಳಿದ ಕ್ರಮ ಕೇಳಿ ನನಗೆ ಗ್ರಹಣದ ದಿನ ನೆನಪಾಯಿತು. ಮೊದಲು ಎಲ್ಲರೂ ಕೋಣೆ ಬಿಟ್ಟು ಹೊರಗೆ. ಕಿಟಕಿ ತೆರೆದು ಐದು ಹತ್ತು ನಿಮಿಷ ಗಾಳಿ ಆಡಿಸಬೇಕು. ಗುಡಿಸುವ ಯಂತ್ರ ಉಪಯೋಗಿಸಬಾರದು. ಗಟ್ಟಿ ಕಾಗದದಿಂದ ಚೂರುಗಳನ್ನು ಎತ್ತಿ, ಪುಡಿಯನ್ನು ಅಂಟುಪಟ್ಟಿಯಿಂದ ಒತ್ತಿ ತೆಗೆದು, ಎಲ್ಲವನ್ನೂ ಗಾಜಿನ ಜಾಡಿಗೆ ಹಾಕಿ ಮುಚ್ಚಳ ಬಿಗಿದು ಮನೆಯ ಹೊರಗಿಡಬೇಕು. ಇದೆಲ್ಲ ಅಲ್ಲಿನ ಪರಿಸರ ಇಲಾಖೆಯೇ ಬರೆದು ಕೊಟ್ಟ ವಿಧಿ. ಕಾರಣ, ಬಲ್ಬಿನೊಳಗೆ ಪಾದರಸ ಇರುತ್ತದೆ, ಮೂರರಿಂದ ಐದು ಮಿಲಿಗ್ರಾಂ. "ಅಷ್ಟಕ್ಕೆ ಇಷ್ಟು ಮಡಿಯೇ?" ಎಂದು ನಾನು ನಕ್ಕೆ. ನಾವು ಚಿಕ್ಕವರಿದ್ದಾಗ ಒಡೆದ ಥರ್ಮಾಮೀಟರಿನ ಪಾದರಸವನ್ನು ಅಂಗೈಮೇಲೆ ಉರುಳಿಸಿ ಆಡಿದವರು. ಅಂಥ ಒಂದು ಥರ್ಮಾಮೀಟರಿನಲ್ಲಿ ಸುಮಾರು 500 ಮಿಲಿಗ್ರಾಂ, ಅಂದರೆ ನೂರು ಬಲ್ಬಿನಷ್ಟು ಪಾದರಸ ಇರುತ್ತಿತ್ತು.

"ನಗಬೇಡ ಅಕ್ಕ, ಇಲ್ಲಿ ಇದೇ ದೊಡ್ಡ ರಾಜಕೀಯ ಆಗಿದೆ" ಎಂದಳು ತಂಗಿ.

ಆ ರಾಜಕೀಯದ ಕಥೆ ಹೀಗೆ. 2007ರ ಡಿಸೆಂಬರಿನಲ್ಲಿ ಅಧ್ಯಕ್ಷ ಜಾರ್ಜ್ ಬುಷ್ ಒಂದು ಇಂಧನ ಕಾಯ್ದೆಗೆ ಸಹಿ ಹಾಕಿದರು. ಇಷ್ಟು ಬೆಳಕಿಗೆ ಇಷ್ಟಕ್ಕಿಂತ ಹೆಚ್ಚು ಕರೆಂಟ್ ನುಂಗುವ ಬಲ್ಬುಗಳನ್ನು 2012ರಿಂದ ಹಂತಹಂತವಾಗಿ ನಿಲ್ಲಿಸಬೇಕು ಎಂದು ಅದರಲ್ಲಿತ್ತು. ಸಿಎಫ್‌ಎಲ್ಲನ್ನೇ ಕೊಳ್ಳಿ ಎಂದು ಕಾಯ್ದೆ ಹೇಳಿರಲಿಲ್ಲ. ಆದರೆ ಆಗ ಕೈಗೆಟುಕುವ ಬದಲಿ ಮುಖ್ಯವಾಗಿ ಅದೇ ಆಗಿತ್ತು. ಆ ಕಲಮನ್ನು ಸೇರಿಸಿದವರು ಎರಡು ಪಕ್ಷಗಳ ಇಬ್ಬರು ಸದಸ್ಯರು, ಫ್ರೆಡ್ ಅಪ್ಟನ್ ಮತ್ತು ಜೇನ್ ಹಾರ್ಮನ್. ಮರುವರ್ಷವೇ ಗಲಾಟೆ ಶುರುವಾಯಿತು. ಟೆಕ್ಸಾಸಿನ ಸದಸ್ಯ ಟೆಡ್ ಪೋ ಸಭೆಯಲ್ಲಿ ಎದ್ದು, ಬಲ್ಬು ಒಡೆದರೆ ಮಾಡಬೇಕಾದ ವಿಧಿಗಳನ್ನು ವಿವರಿಸಿ ಗೇಲಿ ಮಾಡಿದರು. ಮಿಶೆಲ್ ಬಾಕ್ಮನ್ ಎಂಬ ಸದಸ್ಯೆ ಬಲ್ಬಿನ ಆಯ್ಕೆಯ ಸ್ವಾತಂತ್ರ್ಯಕ್ಕೆಂದೇ ಒಂದು ಮಸೂದೆ ತಂದರು. ಹೊಸ ಬಲ್ಬಿನ ಪಾದರಸದಿಂದ ಯಾರಿಗೂ ಅಪಾಯವಿಲ್ಲವೆಂದು ಮೊದಲು ತೋರಿಸಿ, ಆಮೇಲೆ ಹಳೆಯದನ್ನು ನಿಲ್ಲಿಸಿ ಎಂಬುದು ಅದರ ಒಂದು ಷರತ್ತು. ಟೆಕ್ಸಾಸ್ ರಾಜ್ಯವಂತೂ 2011ರಲ್ಲಿ, ತನ್ನ ಗಡಿಯೊಳಗೇ ತಯಾರಾಗಿ ಮಾರಾಟವಾಗುವ ಬಲ್ಬಿಗೆ ಆ ಕಾಯ್ದೆ ತಗಲುವುದಿಲ್ಲ ಎಂದು ತನ್ನದೇ ಕಾನೂನು ಮಾಡಿಕೊಂಡಿತು.

ಆ ವರ್ಷದ ದೀಪಾವಳಿಗೆ ನನ್ನ ಮಗಳು ಎರಡು ವರ್ಷದ ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದಳು. ನಮ್ಮವರು ಸ್ಟೂಲಿನ ಮೇಲೆ ನಿಂತು ಹಜಾರದ ಬಲ್ಬು ಬದಲಿಸುವಾಗ ಹಳೆಯದು ಕೈತಪ್ಪಿ ಬಿತ್ತು. ಕೂಸು ಆ ಶಬ್ದಕ್ಕೆ ಖುಷಿಯಾಗಿ ಓಡಿ ಬಂತು. ನಾನು ಕಿರುಚಿಕೊಂಡು ಅದನ್ನು ಎತ್ತಿಕೊಂಡೆ. "ಬೇಡ ಬೇಡ, ಅಲ್ಲಿ ಬರಬಾರದು, ಅದು ಕೆಟ್ಟದ್ದು" ಎಂದು ಮಗಳ ಕೈಗೆ ಕೊಟ್ಟು, ಇಬ್ಬರನ್ನೂ ಅಂಗಳಕ್ಕೆ ಕಳಿಸಿದೆ. ಆಮೇಲೆ ಹಿತ್ತಲ ಕಡೆ ತಿರುಗಿ, ಪಾತ್ರೆ ತಿಕ್ಕುತ್ತಿದ್ದ ನಮ್ಮ ಕೆಲಸದಾಕೆಯನ್ನು ಕರೆದೆ. "ಬಲ್ಬು ಒಡೀತು, ಸ್ವಲ್ಪ ಗುಡಿಸಿಬಿಡೇ."

ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದಳು. ದೊಡ್ಡ ಚೂರುಗಳನ್ನು ಬರಿಗೈಯಲ್ಲಿ ಆಯ್ದು, ಉಳಿದದ್ದನ್ನು ಪೊರಕೆಯಿಂದ ಮೊರಕ್ಕೆ ಗುಡಿಸಿ, ಹೊರಗೆ ಕಸದ ಬುಟ್ಟಿಗೆ ಸುರಿದಳು. ಎಲ್ಲ ಮುಗಿದ ಮೇಲೆ ಅಂಗಳದಲ್ಲಿದ್ದ ಕೂಸನ್ನು ನೋಡಿ ನನ್ನನ್ನು ಕೇಳಿದಳು: "ಅದ್ರಲ್ಲೇನೈತಮ್ಮ? ಪಾಪು ಯಾಕ್ ಬರಬಾರ್ದು?"

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ನಿಜವಾಗಿ ತಿಳಿಯದೆ ಕೇಳಿದ ಪ್ರಶ್ನೆ ಅದು. ನಾನು "ಗಾಜು ಚುಚ್ಚುತ್ತಲ್ಲ, ಅದಕ್ಕೆ" ಎಂದೆ. ಹಾಗೆಂದಾಗ ಅವಳ ಬೆರಳ ತುದಿಯಲ್ಲಿ ಬಿಳಿಯ ಪುಡಿ ಅಂಟಿಕೊಂಡದ್ದನ್ನು ನೋಡುತ್ತಲೇ ಇದ್ದೆ.

ಓದುತ್ತಿರುವ ನೀವು, ಇಷ್ಟಕ್ಕೆ ಇವಳು ಇಷ್ಟು ಕೊರಗಬೇಕೇ ಎಂದುಕೊಳ್ಳಬಹುದು. ಒಂದು ಬಲ್ಬು ಒಡೆದದ್ದರಿಂದ ಅವಳಿಗೆ ಏನೂ ಆಗಲಿಲ್ಲ, ಆಗುವ ಸಂಭವವೂ ಬಹಳ ಕಡಿಮೆ. ಹಾಗಾದರೆ ಕೂಸನ್ನು ಏಕೆ ಓಡಿಸಿದೆ? ಆ ಪುಡಿ ನಿರುಪದ್ರವಿಯಾಗಿದ್ದರೆ ಇಬ್ಬರಿಗೂ ನಿರುಪದ್ರವಿ, ಕೆಟ್ಟದ್ದಾದರೆ ಇಬ್ಬರಿಗೂ ಕೆಟ್ಟದ್ದು. ನಾನು ಒಂದೇ ನಿಮಿಷದೊಳಗೆ ಎರಡು ಅಳತೆಗೋಲು ಹಿಡಿದಿದ್ದೆ. ಅತ್ತೆ ಒಡೆದದ್ದು ಒಡಕು ಮಡಕೆ, ಸೊಸೆ ಒಡೆದದ್ದು ಹೊಸ ಮಡಕೆ ಎಂಬ ಗಾದೆಯನ್ನು ನಾವು ಹೆಂಗಸರು ಅತ್ತೆಯಂದಿರ ಮೇಲೆ ಎಷ್ಟು ಸಲ ಪ್ರಯೋಗಿಸುತ್ತೇವೆ! ಕೆಲಸದವಳ ಮುಂದೆ ನಾವೇ ಅತ್ತೆಯಾಗುತ್ತೇವೆ ಎನ್ನುವುದು ಅಂದು ಗೊತ್ತಾಯಿತು.

ಆಮೇಲೆ ನಾನು ಈ ವಿಷಯವನ್ನು ಸಿಕ್ಕಲ್ಲೆಲ್ಲ ಓದತೊಡಗಿದೆ. ಓದಿದಷ್ಟೂ ಆ ಅಮೆರಿಕದ ಜಗಳ ನಮ್ಮ ಹಜಾರದ ಜಗಳದಂತೆಯೇ ಕಾಣತೊಡಗಿತು.

ಕಲ್ಲಿದ್ದಲಿನಲ್ಲೂ ಪಾದರಸ ಇರುತ್ತದೆ. ಅದನ್ನು ಸುಟ್ಟಾಗ ಪಾದರಸ ಹೊಗೆಯ ಜೊತೆ ಆಕಾಶಕ್ಕೇರಿ, ಮಳೆಯೊಂದಿಗೆ ಕೆರೆ ನದಿಗಳಿಗೆ ಇಳಿಯುತ್ತದೆ. ನೀರಿನ ಸೂಕ್ಷ್ಮಜೀವಿಗಳು ಅದನ್ನು ಇನ್ನೂ ಘೋರವಾದ ರೂಪಕ್ಕೆ ತಿರುಗಿಸುತ್ತವೆ. ಸಣ್ಣ ಮೀನಿನಿಂದ ದೊಡ್ಡ ಮೀನಿಗೆ, ಅಲ್ಲಿಂದ ಊಟದ ತಟ್ಟೆಗೆ, ತಾಯಿಯಿಂದ ಹೊಟ್ಟೆಯೊಳಗಿನ ಕೂಸಿಗೆ ಅದು ಸಾಗುತ್ತದೆ. ಜಪಾನಿನ ಮಿನಮಾಟ ಎಂಬ ಊರಿನಲ್ಲಿ, ಕಾರ್ಖಾನೆಯೊಂದು ಸಮುದ್ರಕ್ಕೆ ಬಿಟ್ಟ ಪಾದರಸದಿಂದ ಬಂದ ರೋಗ 1956ರಲ್ಲಿ ಬೆಳಕಿಗೆ ಬಂದಾಗ ಜಗತ್ತು ಇದನ್ನು ಕಂಡಿತು. ಅಲ್ಲಿ ಏನೂ ತೊಂದರೆಯಿಲ್ಲದಂತೆ ಕಂಡ ತಾಯಂದಿರಿಗೂ ಕೈಕಾಲು ಸ್ವಾಧೀನವಿಲ್ಲದ ಮಕ್ಕಳು ಹುಟ್ಟಿದರು.

ಈಗ ಲೆಕ್ಕ ನೋಡಿ. ಸುಮಾರು ಅರ್ಧ ವಿದ್ಯುತ್ತು ಕಲ್ಲಿದ್ದಲಿನಿಂದ ಬರುತ್ತಿದ್ದ ಅಂದಿನ ಅಮೆರಿಕದಲ್ಲಿ, 60 ವಾಟಿನ ಹಳೆಯ ಬಲ್ಬು ಎಂಟು ಸಾವಿರ ಗಂಟೆ ಉರಿದರೆ ಅದರ ಪಾಲಿಗೆ ಚಿಮಣಿಯಿಂದ ಹೋಗುವ ಪಾದರಸ 5.8 ಮಿಲಿಗ್ರಾಂ ಎಂದು ಅಲ್ಲಿನ ಪರಿಸರ ಇಲಾಖೆ ಅಂದಾಜು ಮಾಡಿತ್ತು. ಅಷ್ಟೇ ಹೊತ್ತು ಉರಿದ ಸಿಎಫ್‌ಎಲ್‌ನದು, ಕಸಕ್ಕೆ ಬಿದ್ದಾಗ ಹೊರಬರುವ ಪಾದರಸವನ್ನು ಸೇರಿಸಿದರೂ ಎರಡು ಮಿಲಿಗ್ರಾಮಿಗಿಂತ ಕಡಿಮೆ. ಅಂದರೆ ತನ್ನೊಳಗೆ ಪಾದರಸ ಇಟ್ಟುಕೊಂಡ ಬಲ್ಬು, ಪಾದರಸವೇ ಇಲ್ಲದ ಬಲ್ಬಿಗಿಂತ ಕಡಿಮೆ ಪಾದರಸವನ್ನು ಜಗತ್ತಿಗೆ ಬಿಡುತ್ತದೆ! ಒಟ್ಟು ಲೆಕ್ಕದಲ್ಲಿ ಹೊಸ ಬಲ್ಬಿನ ಪರ ಇದ್ದವರೇ ಸರಿ.

2011ರ ಜುಲೈ 12ರಂದು ಅಮೆರಿಕದ ಕೆಳಸದನದಲ್ಲಿ ಬಲ್ಬಿನ ಕಾಯ್ದೆಯನ್ನು ರದ್ದು ಮಾಡುವ ಮಸೂದೆ ಮತಕ್ಕೆ ಬಂತು. ಪರ 233, ವಿರುದ್ಧ 193. ಮೂರನೇ ಎರಡು ಬಹುಮತ ಬೇಕಿದ್ದರಿಂದ ಬಿದ್ದುಹೋಯಿತು. ಅದಾಗಿ ಎರಡೇ ತಿಂಗಳಿಗೆ ಅದೇ ಸದನ, ವಿದ್ಯುತ್ ಸ್ಥಾವರಗಳ ಚಿಮಣಿಯಿಂದ ಬರುವ ಪಾದರಸಕ್ಕೆ ಕಡಿವಾಣ ಹಾಕುವ ನಿಯಮವನ್ನು ಮುಂದೂಡುವ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಮೇಲ್ಮನೆಯಲ್ಲಿ ಅದು ಮುಂದೆ ಹೋಗಲಿಲ್ಲ, ಡಿಸೆಂಬರಿನಲ್ಲಿ ನಿಯಮ ಬಂದೇ ಬಂತು. ಆ ಮಾತು ಬೇರೆ. ನನಗೆ ಬೇಕಾದದ್ದು ಇಷ್ಟು: ಮಲಗುವ ಕೋಣೆಯ ಐದು ಮಿಲಿಗ್ರಾಂ ಪಾದರಸಕ್ಕೆ ಹೌಹಾರಿದ ಪಕ್ಷದ ಬಹುಪಾಲು ಜನರಿಗೆ ಚಿಮಣಿಯ ಪಾದರಸ ಅವಸರದ ವಿಷಯವಾಗಿ ಕಾಣಲಿಲ್ಲ. ಒಂದು ತಮ್ಮ ಕೂಸಿನ ಕಾಲಬುಡದಲ್ಲಿ ಬೀಳುತ್ತದೆ, ಇನ್ನೊಂದು ಯಾರದೋ ಕೆರೆಯಲ್ಲಿ.

ಹಾಗೆಂದು ಅವರನ್ನು ಪೂರಾ ಬೈಯಲೂ ನನಗೆ ಬಾಯಿ ಬರುವುದಿಲ್ಲ. "ನನ್ನ ಮನೆಯಲ್ಲಿ ಯಾವ ದೀಪ ಉರಿಯಬೇಕೆಂದು ಹೇಳಲು ನೀವು ಯಾರು?" ಎಂಬ ಅವರ ಮಾತಿನಲ್ಲಿ ನಮ್ಮತ್ತೆಯ ದನಿ ಇದೆ. ಹೆಂಗಸರಾದ ನಮಗೆ ಆ ಸಿಟ್ಟು ಅರ್ಥವಾಗುತ್ತದೆ. ಅಡುಗೆಮನೆ ಎಲ್ಲಿರಬೇಕು, ಎಂಥ ಒಲೆ ಹಚ್ಚಬೇಕು ಎಂದು ನಮ್ಮನ್ನು ಕೇಳದೆಯೇ ತೀರ್ಮಾನ ಮಾಡಿದವರ ನಡುವೆ ನಾವು ಬದುಕಿದ್ದೇವೆ. ಮುದುಕಿಯೊಬ್ಬಳಿಗೆ ಹಳದಿ ಬೆಳಕಿನಲ್ಲಿ ದೇವರ ಮುಖ ನೋಡುವ ಆಸೆ ಇದ್ದರೆ ಅದನ್ನು ಮೂಢತನ ಎನ್ನಬಾರದು. ಮೈಸೂರಿನ ಅರಮನೆ ಸುಮಾರು ಒಂದು ಲಕ್ಷ ಹಳದಿ ಬಲ್ಬುಗಳಲ್ಲಿ ಹೊಳೆಯುವಾಗ ಬಾಯಿ ಬಿಟ್ಟುಕೊಂಡು ನೋಡಿದವರಲ್ಲಿ ನಾನೂ ಒಬ್ಬಳು. ಆದರೆ ಸ್ವಾತಂತ್ರ್ಯದ ಮಾತಿಗೂ ಒಂದು ಮಿತಿ ಇದೆಯಲ್ಲವೇ? ನನ್ನ ದೀಪದ ಬೆಲೆಯನ್ನು ಪೂರ್ತಿ ನಾನೇ ತೆರುವುದಾದರೆ ಅದು ನನ್ನ ಇಷ್ಟ. ಬೆಲೆಯ ಒಂದು ಪಾಲನ್ನು ಬೇರೆ ಯಾರೋ ತೆರುತ್ತಿದ್ದರೆ, ಅವರನ್ನೂ ಒಂದು ಮಾತು ಕೇಳಬೇಕಾಗುತ್ತದೆ.

ಅದು ನನಗೆ ಗೊತ್ತಿರಬೇಕಿತ್ತು, ಏಕೆಂದರೆ ನಮ್ಮಮ್ಮ ಹುಟ್ಟಿದ ಊರು ಈಗ ನೀರಿನಡಿಯಲ್ಲಿದೆ. ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಕಟ್ಟಿದ್ದು 1964ರಲ್ಲಿ ಮುಗಿಯಿತು. ಅಜ್ಜನ ಮನೆಯ ಪಾತ್ರೆ ಪಗಡೆ, ದನಕರು, ತುಳಸಿಕಟ್ಟೆಯ ಮಣ್ಣು ಸಮೇತ ಲಾರಿಯಲ್ಲಿ ತಂದು ಕಾಡಿನ ನಡುವೆ ಇಳಿಸಿದ್ದರಂತೆ. ಆ ನೀರಿನಿಂದ ತಯಾರಾದ ವಿದ್ಯುತ್ತು ನಾಡನ್ನೆಲ್ಲ ಬೆಳಗಿತು. ಅಜ್ಜನ ಹೊಸ ಊರಿನಲ್ಲಿ ಮಾತ್ರ ಎಷ್ಟೋ ವರ್ಷ ಸೀಮೆಎಣ್ಣೆ ಬುಡ್ಡಿಯೇ. ತಲೆಯ ಮೇಲೆ ದೊಡ್ಡ ತಂತಿ ಗುಂಯ್‌ಗುಡುತ್ತಾ ಹೋಗುತ್ತಿತ್ತು ಎಂದು ಅಮ್ಮ ಹೇಳುತ್ತಿದ್ದರು. ಅಣೆಕಟ್ಟು ಬೇಡವಾಗಿತ್ತು ಎಂದು ಅಜ್ಜ ಎಂದೂ ಹೇಳಲಿಲ್ಲವಂತೆ. ಮಕ್ಕಳು ಓದಲು ಬೆಳಕು ಬೇಕು ಎಂದು ಅವರಿಗೂ ಗೊತ್ತಿತ್ತು. "ಕೊಟ್ಟವರ ಹೆಸರು ಯಾರೂ ಹೇಳಲಿಲ್ಲ" ಎನ್ನುವುದೊಂದೇ ಅವರ ಕೊರಗು.

ಒಟ್ಟು ಲೆಕ್ಕ ಬೇರೆ, ಪಾಲಿನ ಲೆಕ್ಕ ಬೇರೆ. ತಿಂಗಳ ಖರ್ಚು ಕಡಿಮೆಯಾಯಿತು ಎಂದು ಮನೆಯ ಯಜಮಾನ ಸಂತೋಷಪಡುವಾಗ, ಯಾರ ತಟ್ಟೆಗೆ ತುಪ್ಪ ಕಡಿಮೆ ಬಿತ್ತು ಎನ್ನುವುದು ಬಡಿಸಿದವಳಿಗೇ ಗೊತ್ತು. ಹೊಸ ಬಲ್ಬಿನ ಪರ ವಾದಿಸಿದವರು ಒಟ್ಟು ಲೆಕ್ಕ ಹೇಳಿದರು, ಪಾಲಿನ ಲೆಕ್ಕ ಹೇಳುವುದನ್ನು ಮರೆತರು. ಬಲ್ಬುಗಳು ಬರುತ್ತಿದ್ದುದು ಹೆಚ್ಚಾಗಿ ಚೀನಾದಿಂದ. ಅಲ್ಲಿನ ಬಲ್ಬು ಕಾರ್ಖಾನೆಗಳ ಕೆಲಸಗಾರರ ಮೈಯಲ್ಲಿ ಪಾದರಸ ಸೇರಿಕೊಂಡದ್ದನ್ನು 2009ರಲ್ಲಿ ಲಂಡನ್ನಿನ ಪತ್ರಿಕೆಯೊಂದು ವರದಿ ಮಾಡಿತ್ತು. ನಮ್ಮ ಹತ್ತಿರದ ಕೊಡೈಕೆನಾಲಿನ ಕಥೆ ಇನ್ನೂ ಹಳೆಯದು. ಅಮೆರಿಕದಲ್ಲಿ ಮುಚ್ಚಿದ ಥರ್ಮಾಮೀಟರ್ ಕಾರ್ಖಾನೆಯ ಯಂತ್ರಗಳು 1980ರ ದಶಕದಲ್ಲಿ ಆ ಬೆಟ್ಟಕ್ಕೆ ಬಂದವು. ಪಾದರಸ ಮೆತ್ತಿದ ಗಾಜಿನ ಚೂರುಗಳು ಊರಿನ ಗುಜರಿ ಅಂಗಡಿಯಲ್ಲಿ ಸಿಕ್ಕಿದ ಮೇಲೆ, 2001ರಲ್ಲಿ ಆ ಕಾರ್ಖಾನೆ ಮುಚ್ಚಿತು. ಅಲ್ಲಿ ದುಡಿದವರಿಗೆ ಪರಿಹಾರದ ಒಪ್ಪಂದ ಆಗಲು 2016 ಬರಬೇಕಾಯಿತು. ಬೇಡವಾದದ್ದು ಯಾವಾಗಲೂ ಇಳಿಜಾರಿಗೇ ಹರಿಯುತ್ತದೆ. ಆ ಇಳಿಜಾರಿನ ಕೊನೆಯಲ್ಲಿ ನಾವಿದ್ದೇವೆ ಎಂದುಕೊಂಡಿದ್ದೆ. ನಮ್ಮ ಹಿತ್ತಲಿನಲ್ಲಿ ಪಾತ್ರೆ ತಿಕ್ಕುವವಳು ನಮಗಿಂತ ಇನ್ನೂ ಕೆಳಗೆ ನಿಂತಿದ್ದಳು, ಅವಳು ಸುರಿದ ಬುಟ್ಟಿಯನ್ನು ಕೆದಕುವ ಚಿಂದಿ ಆಯುವ ಹುಡುಗ ಅವಳಿಗಿಂತಲೂ ಕೆಳಗೆ.

ಎಲ್ಲಕ್ಕಿಂತ ನನ್ನನ್ನು ಚುಚ್ಚಿದ್ದು ಇನ್ನೊಂದು. ಪಾದರಸಕ್ಕಿಂತಲೂ ಅನ್ಯಾಯವಾಗಿ ಹಂಚಿಕೆಯಾಗಿದ್ದದ್ದು ತಿಳಿವಳಿಕೆ. ನನ್ನ ತಂಗಿಗೆ ಒಂದು ಸರ್ಕಾರವೇ ವಿಧಿ ಬರೆದು ಕೊಟ್ಟಿತ್ತು. ನನಗೆ ತಂಗಿ ಹೇಳಿದ್ದಳು. ನನ್ನಿಂದ ಮುಂದಕ್ಕೆ ಅದು ಹೋಗಲಿಲ್ಲ. ಅದು ನಿಂತದ್ದು ನನ್ನ ನಾಲಿಗೆಯಲ್ಲಿ. ಅವಳಿಗೆ ಹೇಳಿದ್ದರೆ ಅವಳು ಒಂದು ಕಾಗದ ಹಿಡಿದು ಎತ್ತುತ್ತಿದ್ದಳು, ಅಥವಾ "ನೀವೇ ಎತ್ತಿಕೊಳ್ಳಿ" ಎನ್ನುತ್ತಿದ್ದಳು. ಆ ಎರಡನೆಯ ಮಾತಿಗೆ ಹೆದರಿಯೇ ನಾನು ಸುಮ್ಮನಿದ್ದೆನೋ ಏನೋ. ಅಪಾಯವನ್ನು ಇನ್ನೊಬ್ಬರಿಗೆ ದಾಟಿಸುವುದು ಒಂದು ತಪ್ಪು. ದಾಟಿಸುತ್ತಿದ್ದೇನೆ ಎಂದು ಹೇಳದಿರುವುದು ಅದಕ್ಕಿಂತ ದೊಡ್ಡ ತಪ್ಪು. ಹೇಳದಿದ್ದಾಗ ಅವರು ಬೇಡವೆನ್ನುವ ದಾರಿಯನ್ನೂ ನಾವು ಕಿತ್ತುಕೊಂಡಿರುತ್ತೇವೆ.

ಆ ಜಗಳಕ್ಕೆ ಕೊನೆ ಹಾಡಿದ್ದು ಎಲ್‌ಇಡಿ ಬಲ್ಬು. 2015ರಲ್ಲಿ ನಮ್ಮ ದೇಶದಲ್ಲಿ ಉಜಾಲಾ ಯೋಜನೆ ಬಂತು, ಬೆಲೆ ಇಳಿಯುತ್ತ ಹೋಗಿ ಮನೆಮನೆಯಲ್ಲೂ ಪಾದರಸವಿಲ್ಲದ ಬಲ್ಬು ಹತ್ತಿತು. ನಮ್ಮ ಕಲ್ಲಿದ್ದಲು ಸ್ಥಾವರಗಳ ಚಿಮಣಿಯ ಪಾದರಸಕ್ಕೆ ಕೇಂದ್ರ ಸರ್ಕಾರ ಮಿತಿ ಗೊತ್ತುಮಾಡಿದ್ದೂ ಅದೇ ವರ್ಷದ ಕೊನೆಗೆ. ಮಿನಮಾಟದ ಹೆಸರಿನ ಅಂತರರಾಷ್ಟ್ರೀಯ ಒಪ್ಪಂದ 2017ರಲ್ಲಿ ಜಾರಿಯಾಗಿ, 2018ರಲ್ಲಿ ಭಾರತವೂ ಅದರೊಳಗೆ ಸೇರಿತು. ಅಮೆರಿಕದಲ್ಲಿ 2019ರಲ್ಲಿ ಒಂದು ಸರ್ಕಾರ ಹಿಂದೆಗೆದ ಬಲ್ಬಿನ ನಿಯಮವನ್ನು ಮುಂದಿನ ಸರ್ಕಾರ ಮತ್ತೆ ತಂದು, 2023ರ ಆಗಸ್ಟಿನಿಂದ ಜಾರಿ ಮಾಡಿತು. ಆ ಹೊತ್ತಿಗೆ ಅಲ್ಲಿನ ಅಂಗಡಿಗಳಲ್ಲಿ ಸಿಎಫ್‌ಎಲ್ ಹೆಚ್ಚುಕಡಿಮೆ ಮಾಯವಾಗಿತ್ತು. ಇಷ್ಟೆಲ್ಲ ಆಗಿ ವಾದಿಸಿದವರು ಬೇರೆ ಜಗಳಗಳಿಗೆ ಹೋದರು. ಮನೆಗಳಲ್ಲಿ ಕೆಟ್ಟು ಉಳಿದ ಬಲ್ಬುಗಳು ಮಾತ್ರ ಎಲ್ಲೋ ಇವೆ. ನಮ್ಮಲ್ಲಿ 2016ರ ಇ-ತ್ಯಾಜ್ಯ ನಿಯಮ ಪಾದರಸದ ದೀಪಗಳನ್ನು ಬೇರೆಯಾಗಿ ಸಂಗ್ರಹಿಸಬೇಕೆಂದು ಹೇಳಿತು. ಆದರೆ ನಮ್ಮ ಬೀದಿಗೆ ಬರುವ ಕಸದ ಗಾಡಿಯಲ್ಲಿ ಹಸಿ ಕಸಕ್ಕೊಂದು, ಒಣ ಕಸಕ್ಕೊಂದು ಖಾನೆ ಕಾಣುತ್ತದೆ, ಮೂರನೆಯದು ಕಾಣುವುದಿಲ್ಲ. ಗಾಡಿಯ ಹುಡುಗನ ಕೈಗೆ ಗವುಸೂ ಇರುವುದಿಲ್ಲ. ಅದಕ್ಕೇ ಆ ಪೆಟ್ಟಿಗೆ ಅಟ್ಟದ ಮೇಲಿದೆ.

ಕೆಲಸದಾಕೆಗೆ ನಾನು ನಿಜ ಹೇಳಿದ್ದು ಆ ದೀಪಾವಳಿ ಕಳೆದು ಎಷ್ಟೋ ತಿಂಗಳ ಮೇಲೆ. ಇನ್ನೊಂದು ಬಲ್ಬು ಕೆಟ್ಟಿತ್ತು, ತೆಗೆಯಲು ಅವಳೇ ಸ್ಟೂಲು ತಂದಳು. "ನೀನು ಬಿಡು, ಅದರಲ್ಲಿ ವಿಷದಂಥದ್ದು ಸ್ವಲ್ಪ ಇರುತ್ತೆ. ಅವತ್ತು ಪಾಪುವನ್ನು ಅದಕ್ಕೇ ದೂರ ಕಳಿಸಿದ್ದು. ನಿನಗೆ ಹೇಳಲಿಲ್ಲ" ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಬೈಯುತ್ತಾಳೆ, ಇಲ್ಲವೇ ನಕ್ಕುಬಿಡುತ್ತಾಳೆ ಎಂದುಕೊಂಡಿದ್ದೆ. ಅವಳು ಎರಡೂ ಮಾಡಲಿಲ್ಲ. "ನಮ್ಮನೇಲೂ ಅದೇ ಬಲ್ಬ್ ಐತಲ್ಲಮ್ಮ, ನೀವೇ ಕೊಟ್ಟಿದ್ದು. ಹೋದ್ ತಿಂಗ್ಳು ಒಡೆದಾಗ ನನ್ ಮಗ್ಳೇ ಗುಡಿಸಿದ್ಲು" ಎಂದಳು.

ಆ ಬಲ್ಬನ್ನು ಯುಗಾದಿಗೆ ಸೀರೆಯ ಜೊತೆ ಉಡುಗೊರೆಯೆಂದು ನಾನೇ ಕೊಟ್ಟಿದ್ದೆ. ಕರೆಂಟ್ ಉಳಿಯುತ್ತದೆ ಎಂದು ವಿವರಿಸಿ ಹೇಳಿದ್ದೆ. ಉಳಿದದ್ದನ್ನು ಹೇಳಿರಲಿಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ಒಡೆದ ಗಾಜನ್ನು, ಅದು ಬಲ್ಬಿನದಾಗಲಿ ಲೋಟದ್ದಾಗಲಿ, ನಾನೇ ತೆಗೆಯುತ್ತೇನೆ. ಇದರಿಂದ ದೊಡ್ಡ ಉಪಕಾರವಾಯಿತೆಂದು ನಾನು ಭಾವಿಸಿಲ್ಲ. ಸೊಂಟ ಬಗ್ಗಿಸಿ ಚೂರು ಆಯುವಾಗ ಅವಳ ಪ್ರಶ್ನೆ ಒಂದು ಸಲ ಕಿವಿಯಲ್ಲಿ ಹಾದುಹೋಗುತ್ತದೆ. ಅವಳ ಮನೆಯ ಕೆಟ್ಟ ಬಲ್ಬುಗಳನ್ನೂ ಕೇಳಿ ತಂದುಕೊಂಡೆ. ಅಟ್ಟದ ಮೇಲಿನ ಹನ್ನೊಂದರಲ್ಲಿ ಮೂರು ಅವಳವು.